ಅತ್ತೆಯ ಕಾಶ್ ಯಾತ್ರೆ

ಮೊದಲ ದಿನ, ಮಂಗಳವಾರ

ಟರ್ಕಿಯ ಕಡಲತೀರದ ಆ ಊರಿನ ಹೆಸರು ಕಾಶ್. ಟರ್ಕಿ ಭಾಷೆಯಲ್ಲಿ ಹುಬ್ಬು ಅಂತ ಅರ್ಥ. ಅತ್ತೆ ಹೊನ್ನಾವರದಲ್ಲಿರುವ ತಂಗಿಗೆ ಫೋನ್ ಮಾಡಿ 'ನಾವು ಕಾಶ್‌ಗೆ ಹೊರಟಿದ್ದೇವೆ' ಅಂದಿದ್ದಾರೆ, ಲೈನ್ ಸರಿ ಇರಲಿಲ್ಲ, ಆ ಕಡೆ ಅವರಿಗೆ ಕಾಶಿ ಅಂತ ಕೇಳಿಸಿದೆ, ಜರ್ಮನಿಗೆ ಮಗನ ಮನೆಗೆ ಹೋದವರು ಅಲ್ಲಿಂದ ಕಾಶಿಗೆ ಯಾಕೆ ಹೋಗ್ತಾರೆ ಅಂತ ಆ ಮನೆಯಲ್ಲಿ ಎರಡು ದಿನ ಚರ್ಚೆ. ಯಾರೋ ಒಬ್ಬರು ಗಂಗಾಜಲ ತನ್ನಿ ಅಂತ ಮೆಸೇಜ್ ಬೇರೆ ಹಾಕಿದ್ದರು.

ನಾವು ಇರುವುದು ಸ್ಟುಟ್‌ಗಾರ್ಟ್‌ನಲ್ಲಿ. ಸುತ್ತ ಗುಡ್ಡ, ದ್ರಾಕ್ಷಿ ತೋಟ, ಕಾರ್ಖಾನೆ. ಸಮುದ್ರ ಮಾತ್ರ ಇಲ್ಲ. ಮೂರು ತಿಂಗಳಿಗೆಂದು ಬಂದ ಅತ್ತೆ ಒಂದೂವರೆ ತಿಂಗಳಿಗೇ ಕಿಟಕಿ ಹತ್ತಿರ ನಿಂತು 'ಗಾಳಿಯಲ್ಲಿ ಉಪ್ಪೇ ಇಲ್ಲ' ಅನ್ನಲು ಶುರು ಮಾಡಿದರು. ಮಗಳಿಗೆ ಹನ್ನೊಂದು ವರ್ಷ, ಈಜು ಚೆನ್ನಾಗಿ ಕಲಿತಿದ್ದಾಳೆ, ಒಂದು ವರ್ಷದಿಂದ ಸ್ನಾರ್ಕೆಲ್ ಸ್ನಾರ್ಕೆಲ್ ಅಂತ ಜಪ, ಅಂದರೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ಬೋರಲು ತೇಲುತ್ತಾ ನೀರೊಳಗೆ ನೋಡುವುದು. ಬೇಸಿಗೆ ರಜೆಯ ಕೊನೇ ವಾರ, ಸೆಪ್ಟೆಂಬರ್ ಶುರು. ಟರ್ಕಿಯ ಅಂಟಾಲ್ಯಾಗೆ ಇಲ್ಲಿಂದ ನೇರ ವಿಮಾನ ಬೇಕಾದಷ್ಟಿದೆ. ಹೊರಟೆವು.

ವೀಸಾ ಬಗ್ಗೆ ಒಂದು ಮಾತು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ. ನಮಗೆ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇರುವುದರಿಂದ ಟರ್ಕಿಯ ಇ-ವೀಸಾ ಮನೆಯಲ್ಲೇ ಕೂತು ತೆಗೆದದ್ದಾಯಿತು. ಅತ್ತೆಯ ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮೇಲೆ ಅವರಿಗೂ ಸಿಕ್ಕಿತು. ಆದರೆ ಟರ್ಕಿ ಷೆಂಗೆನ್ ಒಳಗಿಲ್ಲ. ಹಿರಿಯರ ವೀಸಾ ಒಂದೇ ಸಲ ಪ್ರವೇಶದ್ದಾದರೆ ಹೋಗುವುದು ಸುಲಭ, ವಾಪಸ್ ಬರುವುದು ಆಗಲ್ಲ. ಟಿಕೆಟ್ ಬುಕ್ ಮಾಡುವ ಮೊದಲು ಇದನ್ನೊಂದು ನೋಡಿಕೊಳ್ಳಿ.

ಅಂಟಾಲ್ಯಾದಿಂದ ಕಾಶ್‌ಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಹತ್ತಿರ ಹಿಡಿಯಿತು. ಫಿನಿಕೆಯಲ್ಲಿ ಕಿತ್ತಳೆ ತೋಟ, ದೆಮ್ರೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಮನೆಗಳು, ಆಮೇಲೆ ಗುಡ್ಡ ಹತ್ತಿ ಇಳಿಯುವಾಗ ಒಂದು ತಿರುವಿನಲ್ಲಿ ಧುತ್ತಂತ ಸಮುದ್ರ. ಎದುರಿಗೇ ಒಂದು ದ್ವೀಪ. 'ಅದೂ ಟರ್ಕಿನಾ?' ಅಂತ ಅತ್ತೆ. ಅಲ್ಲ, ಅದು ಗ್ರೀಸ್. ಮೆಯಿಸ್ ಅಂತ ಇವರು ಕರೆಯುತ್ತಾರೆ, ಗ್ರೀಕರಿಗೆ ಕಾಸ್ಟೆಲೊರಿಜೊ. ದಡದಿಂದ ಎರಡು ಕಿಲೋಮೀಟರ್ ಚಿಲ್ಲರೆ. ಬಂದರಿನಲ್ಲಿ ಓಡಾಡುವಾಗ ನಮ್ಮ ಜರ್ಮನ್ ಸಿಮ್ ತಾನಾಗಿ ಗ್ರೀಸಿನ ಟವರ್ ಹಿಡಿದು 'ಗ್ರೀಸ್‌ಗೆ ಸ್ವಾಗತ' ಅಂದಿತು. ಪುಕ್ಕಟೆ ರೋಮಿಂಗ್. ನನ್ನ ಗಂಡನಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಸಂತೋಷ ಯಾವುದೂ ಕೊಟ್ಟಿಲ್ಲ.

ಸಂಜೆ ಬಂದರಿನ ಕಟ್ಟೆ ಮೇಲೆ ಒಂದು ಸುತ್ತು. ದೋಣಿಗಳು ಹಿಂಬದಿ ಕಟ್ಟೆಗೆ ತಾಗಿಸಿ ಸಾಲಾಗಿ ನಿಂತಿವೆ, ಪ್ರತಿಯೊಂದರ ಮುಂದೆ ಒಂದು ಬೋರ್ಡ್. ಎಲ್ಲ ಬೋರ್ಡಿನಲ್ಲೂ ಅದೇ ಆಮೆ, ಅದೇ ನೀಲಿ ನೀರು, ಅದೇ ಮುಳುಗಿದ ಊರು. ಎಲ್ಲರೂ ಒಂದೇ ಪ್ರೆಸ್ಸಿಗೆ ಹೋಗಿ ಮಾಡಿಸಿದ್ದಾರೇನೋ. ರೇಟು ಬರೆದ ಜಾಗದಲ್ಲಿ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್, ಲಿರಾ ಇಳಿಯುತ್ತಿದ್ದ ಹಾಗೆ ಅಂಟಿಸುತ್ತಾ ಹೋಗಿದ್ದಾರೆ. ಒಬ್ಬ ಹುಡುಗ ಬಹಳ ನಯವಾಗಿ ಮಾತಾಡಿ ನನ್ನ ಕೈಯಿಂದ ಮುಂಗಡ ಇನ್ನೇನು ತೆಗೆದುಕೊಂಡೇ ಬಿಟ್ಟಿದ್ದ. ಇವರು ತೋಳು ಹಿಡಿದು ಎಳೆದರು. 'ಇರು ಮಾರಾಯ್ತಿ, ಮೊದಲು ನೀರಿಗಿಳಿದು ನಮಗೆ ಏನು ಬರ್ತದೆ ಏನು ಬರಲ್ಲ ಅಂತ ನೋಡೋಣ.'

ಎರಡನೇ ದಿನ, ಬುಧವಾರ

ಊರಿನಿಂದ ಐದು ನಿಮಿಷ ನಡೆದರೆ ಕುಚುಕ್ ಚಾಕಿಲ್ ಅಂತ ಒಂದು ಪುಟ್ಟ ಕಡಲತಡಿ. ಹೆಸರಿನ ಅರ್ಥವೇ ಸಣ್ಣ ಬೆಣಚುಕಲ್ಲು. ಮರಳಿಲ್ಲ, ಬರೀ ಕಲ್ಲು. ಅತ್ತೆ ಕಲ್ಲಿನ ಮೇಲೆ ಕೂತು, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ 'ಇದು ನಮ್ಮ ಸಮುದ್ರಕ್ಕಿಂತ ಜಾಸ್ತಿ ಉಪ್ಪು' ಅಂದರು. ಸರಿಯಾಗೇ ಹೇಳಿದರು. ಮೆಡಿಟರೇನಿಯನ್ನಿನ ಈ ಪೂರ್ವ ತುದಿಯಲ್ಲಿ ಬಿಸಿಲಿಗೆ ಆರುವ ನೀರು ಜಾಸ್ತಿ, ಒಳಗೆ ಬಂದು ಸೇರುವ ನದಿ ನೀರು ಕಡಿಮೆ. ಆಮೇಲೆ ಅರ್ಧ ಗಂಟೆ ಸುಮ್ನೆ ನೋಡಿ ಇನ್ನೊಂದು ಪ್ರಶ್ನೆ: 'ಇಲ್ಲಿ ಭರತ ಇಳಿತ ಇಲ್ವಾ?' ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶರಾವತಿ ಬಾಯಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಸಮುದ್ರ ಅಂತಲೇ ಅನಿಸಲಿಲ್ಲ. 'ದೊಡ್ಡ ಕೆರೆ' ಅಂದುಬಿಟ್ಟರು.

ನಮ್ಮ ಸಾಮಾನಿನ ಪರೀಕ್ಷೆ ಅಲ್ಲೇ ಆಯಿತು. ಮಾಸ್ಕ್ ಸರಿ ಇದೆಯೋ ಇಲ್ಲವೋ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು, ಕೈ ಬಿಡಬೇಕು. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ ಅಳತೆಯದ್ದು. ನನ್ನದು ಅಂಟಿತು. ಇವರದ್ದು ಎಷ್ಟು ಸಲ ಹಾಕಿದರೂ ನೀರು ನುಗ್ಗುತ್ತದೆ, ಬೈದದ್ದು ಮಾಸ್ಕ್ ಕಂಪನಿಗೆ, ತಪ್ಪು ಮೀಸೆಯದ್ದು. ರಬ್ಬರಿಗೂ ಚರ್ಮಕ್ಕೂ ಮಧ್ಯೆ ಕೂದಲು ಸಿಕ್ಕಿದರೆ ಅಲ್ಲಿಂದಲೇ ನೀರು ಒಳಗೆ. ವ್ಯಾಸಲೀನ್ ಹಚ್ಚಿಕೊಂಡರೆ ಸ್ವಲ್ಪ ಪರವಾಗಿಲ್ಲ, ಬೋಳಿಸಿದರೆ ಪೂರ್ತಿ ಸರಿ. ಬೋಳಿಸಲಿಲ್ಲ. ಗಾಜು ಮಂಜಾಗದಿರಲು ಎಂಜಲು ಉಗುಳಿ ಉಜ್ಜಿ ತೊಳೆಯುವುದು, ಇದನ್ನು ಮಗಳು ಬಹಳ ಶ್ರದ್ಧೆಯಿಂದ ಮಾಡಿದಳು. ಅಜ್ಜಿ ಮುಖ ಆಚೆ ತಿರುಗಿಸಿದರು.

ಅವತ್ತಿನ ಅಪಘಾತವನ್ನೂ ಹೇಳಿಬಿಡುತ್ತೇನೆ. ಬಂಡೆ ಮೇಲೆ ಕಾಲಿಟ್ಟು ನೀರಿಂದ ಏಳುವಾಗ ಇವರು ಕಪ್ಪು ಮುಳ್ಳಿನ ಉಂಡೆಯೊಂದನ್ನು ತುಳಿದರು. ಸಮುದ್ರದ ಮುಳ್ಳುಚೆಂಡು. ಹಿಮ್ಮಡಿಯಲ್ಲಿ ಹನ್ನೊಂದು ಮುಳ್ಳು, ಎಣಿಸಿದ್ದೇನೆ. ತೆಗೆಯಲು ಹೋದರೆ ಅಲ್ಲೇ ಪುಡಿಯಾಗುತ್ತವೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ತನ್ನ ಬುತ್ತಿಯಿಂದ ಆಲಿವ್ ಎಣ್ಣೆ ತೆಗೆದು ಹಚ್ಚಿದಳು, ನಮ್ಮ ಅತ್ತೆ ಸೂಜಿ ತೆಗೆದರು, ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದಿದ್ದರೂ ಒಂದೇ ಕಾಲನ್ನು ಹಂಚಿಕೊಂಡು ಅರ್ಧ ಗಂಟೆ ಕೆಲಸ ಮಾಡಿದರು. ರಬ್ಬರ್ ಚಪ್ಪಲಿ ಮೊದಲೇ ಕೊಳ್ಳಬೇಕಿತ್ತು.

ಮಧ್ಯಾಹ್ನ ಅವರನ್ನು ರೂಮಿನಲ್ಲಿ ಮಲಗಿಸಿ ನಾನೊಬ್ಬಳೇ ಬಂದರಿಗೆ ಹೋದೆ. ಈ ಸಲ ಬೋರ್ಡ್ ನೋಡಲಿಲ್ಲ. ಎಲ್ಲರಿಗೂ ಕೇಳಿದ್ದು ಒಂದೇ: ಎಷ್ಟು ಜನ, ಮತ್ತು ಒಟ್ಟು ಎಷ್ಟು ನಿಮಿಷ ನೀರಿನಲ್ಲಿ? ನೆನ್ನೆಯ ನಯದ ಹುಡುಗ 'ಐದು ಕೊಲ್ಲಿ' ಅಂದ. ಒಂದೊಂದರಲ್ಲಿ ಎಷ್ಟು ಹೊತ್ತು? 'ನೋ ಪ್ರಾಬ್ಲಂ ಮೇಡಂ.' ಎಷ್ಟು ಜನ? 'ಬಿಗ್ ಬೋಟ್, ವೆರಿ ಕಂಫರ್ಟ್.' ಅಂದರೆ ಐವತ್ತರ ಹತ್ತಿರ. ಪಕ್ಕದವನದ್ದೂ ಅದೇ ಉತ್ತರ, ಜೊತೆಗೆ ಊಟಕ್ಕೆ ಕೋಳಿಯೋ ಮೀನೋ ಅನ್ನುವ ಆಯ್ಕೆ.

ಆಮೇಲೆ ಡೈವಿಂಗ್‌ನವರ ಹತ್ತಿರ ಹೋದೆ. ಕಾಶ್ ಟರ್ಕಿಯ ಡೈವಿಂಗ್ ಊರು, ಬೆಳಿಗ್ಗೆ ಸಿಲಿಂಡರ್ ಹೊತ್ತ ದೋಣಿಗಳು ಸಾಲಾಗಿ ಹೊರಡುತ್ತವೆ, ಸ್ನಾರ್ಕೆಲ್ ಮಾಡುವವರನ್ನೂ ಕಡಿಮೆ ದುಡ್ಡಿಗೆ ಕೂರಿಸಿಕೊಳ್ಳುತ್ತಾರೆ. ಕೌಂಟರಿನಲ್ಲಿದ್ದ ಹೆಂಗಸು ಮಾತ್ರ ನೇರವಾಗಿ ಹೇಳಿಬಿಟ್ಟಳು: ನಾವು ನಿಲ್ಲಿಸುವುದು ಡೈವರ್‌ಗಳಿಗೆ ಬೇಕಾದ ಕಡೆ, ಬಂಡೆ ಪಕ್ಕ ಬಿಟ್ಟು ಹತ್ತು ಮಾರು ಆಚೆ ಹೋದರೆ ಕೆಳಗೆ ತಳವೇ ಕಾಣಲ್ಲ, ನಿಮ್ಮ ಮಗಳಿಗೆ ಬರೀ ನೀಲಿ ಕಾಣುತ್ತದೆ, ಮೇಲಾಗಿ ನಮ್ಮವರೆಲ್ಲ ಕೆಳಗಿದ್ದಾಗ ಮೇಲೆ ತೇಲುವವರನ್ನು ನೋಡಿಕೊಳ್ಳಲು ಒಬ್ಬನೇ ಇರುತ್ತಾನೆ. ಯೋಚಿಸಿದರೆ ಸರಿ. ಸ್ನಾರ್ಕೆಲ್‌ಗೆ ಬೇಕಾದದ್ದು ಮೂರು ನಾಲ್ಕು ಮೀಟರ್ ಆಳ, ಬಂಡೆ, ಬಿಸಿಲು. ಡೈವರ್‌ಗಳ ಸ್ವರ್ಗ ನಮಗೆ ಸುಮ್ನೆ ಖಾಲಿ ನೀರು.

ಸಾಲಿನ ಕೊನೆಯಲ್ಲಿ ಒಂದು ಸಣ್ಣ ಮರದ ದೋಣಿ. ಬೋರ್ಡ್ ಇತ್ತು, ಆದರೆ ಅದರ ಮೇಲೆ ಟವೆಲ್ ಒಣಗುತ್ತಿತ್ತು. ಅರವತ್ತರ ಆಸುಪಾಸಿನ ಕ್ಯಾಪ್ಟನ್ ಸೂರ್ಯಕಾಂತಿ ಬೀಜ ಕಡಿಯುತ್ತಾ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರ ಪ್ರಶ್ನೆ ಶುರು. ಎಷ್ಟು ಜನ? ಯಾರಿಗೆ ಈಜು ಬರುತ್ತದೆ? ಮಗಳಿಗೆ ಎಷ್ಟು ವರ್ಷ? ಅಮ್ಮನಿಗೆ ಮಂಡಿ ನೋವಿದೆಯಾ, ಏಣಿ ಇಳಿದು ಹತ್ತಲು ಆಗುತ್ತದಾ? ಸ್ವಂತ ಮಾಸ್ಕ್ ಇದೆಯಾ? ಮಗಳದ್ದು ಪೂರ್ತಿ ಮುಖ ಮುಚ್ಚುವ ಮಾಸ್ಕ್ ಅಂದೆ. ಅದನ್ನು ಮನೆಯಲ್ಲಿ ಬಿಟ್ಟು ಬನ್ನಿ, ನಾನು ಬೇರೆ ಕೊಡ್ತೇನೆ ಅಂದರು. ಬಿಟ್ಟ ಉಸಿರೇ ಅದರೊಳಗೆ ಸುತ್ತುತ್ತದೆ, ಗಾಬರಿಯಾದಾಗ ಬೇಗ ತೆಗೆಯಲೂ ಆಗಲ್ಲ ಅಂತ.

ಅಷ್ಟು ಹೊತ್ತು ಪ್ರಶ್ನೆ ಕೇಳುತ್ತಿದ್ದದ್ದು ನಾನು. ನನಗೇ ಪ್ರಶ್ನೆ ಕೇಳಿದ ದೋಣಿಯವರು ಇವರೊಬ್ಬರೇ. ರೇಟು ದೊಡ್ಡ ದೋಣಿಯ ಒಂದೂವರೆ ಪಟ್ಟು, ಮುಂಗಡ ಬೇಡ. ಆದರೆ ಮರುದಿನ ಅವರಿಗೆ ಬೇರೆ ಜನ ಇದ್ದರು. ಶುಕ್ರವಾರ ಬನ್ನಿ, ಬೆಳಿಗ್ಗೆ ಎಂಟಕ್ಕೆ, ಗಾಳಿ ಏಳುವ ಮೊದಲು ಅಂದರು.

ಗುರುವಾರ ಖಾಲಿ ಕೂರುವುದು ಯಾಕೆ ಅಂತ, ಮತ್ತೆ ಅತ್ತೆಗೆ ಬೋರ್ಡಿನಲ್ಲಿದ್ದ ಮುಳುಗಿದ ಊರು ನೋಡಲೇಬೇಕಿತ್ತು ಅಂತ, ದೊಡ್ಡ ದೋಣಿಗೆ ನಾಲ್ಕು ಟಿಕೆಟ್ ತೆಗೆದುಕೊಂಡೆ. ಯಾರ ದೋಣಿ ಅಂತ ಹೇಳುವುದಿಲ್ಲ.

ಮೂರನೇ ದಿನ, ಗುರುವಾರ

ಹತ್ತು ಗಂಟೆಗೆ ಹೊರಡಬೇಕಾದದ್ದು ಹತ್ತೂ ಮುಕ್ಕಾಲಿಗೆ ಹೊರಟಿತು. ನಾನು ಎಣಿಸಿದಾಗ 47 ಜನ, ಎರಡು ನಾಯಿ, ಒಂದು ಹುಟ್ಟುಹಬ್ಬದ ಗುಂಪು. ನೆರಳಿನ ಜಾಗ ಹಿಡಿಯಲು ಅತ್ತೆ ಮೊದಲೇ ಹತ್ತಿ ಕೂತಿದ್ದರು, ಕೆಎಸ್‌ಆರ್‌ಟಿಸಿ ಬಸ್ಸಿಗೆ ಕರ್ಚೀಫ್ ಹಾಕಿ ಬೆಳೆದ ಜೀವ ಅದು.

ಮುಳುಗಿದ ಊರು ಇರುವುದು ಕೆಕೋವಾ ದ್ವೀಪದ ದಡದಲ್ಲಿ. ಕಾಶ್‌ನಿಂದ ಅಲ್ಲಿಗೆ ದೋಣಿಯಲ್ಲಿ ಎರಡು ಗಂಟೆ ಮೇಲೆ ಬೇಕು, ಅದರಲ್ಲಿ ಒಂದಷ್ಟು ತೆರೆದ ಸಮುದ್ರ. ದಾರಿಯಲ್ಲಿ ಉಲುಬುರುನ್ ಅನ್ನುವ, ಸಮುದ್ರಕ್ಕೆ ಚಾಚಿದ ಬೋಳು ಮೂತಿ ಸಿಗುತ್ತದೆ. ನೋಡಲು ಏನೂ ಇಲ್ಲ, ಕಲ್ಲು ಮತ್ತು ಕುರುಚಲು. ಆದರೆ ಸುಮಾರು 3300 ವರ್ಷದ ಹಿಂದೆ ಇದರ ಬುಡದಲ್ಲಿ ಒಂದು ವ್ಯಾಪಾರಿ ಹಡಗು ಮುಳುಗಿತು. 1982ರಲ್ಲಿ ಸ್ಪಂಜು ತೆಗೆಯಲು ಇಳಿದವನೊಬ್ಬ ತಳದಲ್ಲಿ 'ಕಿವಿ ಇರುವ ಲೋಹದ ಬಿಸ್ಕತ್ತು' ಕಂಡೆ ಅಂತ ಹೇಳಿದ. ಅವು ತಾಮ್ರದ ಗಟ್ಟಿಗಳು. 1984ರಿಂದ 1994ರವರೆಗೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಲ ಮುಳುಗಿ ಅದನ್ನೆಲ್ಲ ಮೇಲೆ ತಂದರು. 10 ಟನ್ ತಾಮ್ರ, 1 ಟನ್ ತವರ, ನೀಲಿ ಗಾಜು, ದಂತ, ಈಜಿಪ್ಟಿನ ರಾಣಿ ನೆಫೆರ್ಟಿಟಿಯ ಹೆಸರಿನ ಬಂಗಾರದ ಮುದ್ರೆ. ಈಗ ಬೋದ್ರುಮ್ ಮ್ಯೂಸಿಯಂನಲ್ಲಿದೆ. ನಾನು ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ದಂತ, ಬಂಗಾರ ಎರಡಕ್ಕೂ ಅಲ್ಲಾಡಲಿಲ್ಲ. 'ಹತ್ತು ಟನ್ ತಾಮ್ರ! ಎಷ್ಟು ಹಂಡೆ ಆಗ್ತಿತ್ತು ಹೇಳು.'

ಮುಳುಗಿದ ಊರಿನ ಹತ್ತಿರ ಬಂದಾಗ ನಾನು ಮಾಸ್ಕ್ ಕೈಯಲ್ಲಿ ಹಿಡಿದು ರೆಡಿ. ಬೋರ್ಡಿನ ಚಿತ್ರದಲ್ಲಿ ಗೋಡೆಗಳ ಮೇಲೆ ಒಬ್ಬಳು ಸ್ನಾರ್ಕೆಲ್ ಹಾಕಿ ತೇಲುತ್ತಿದ್ದಳು ತಾನೆ? ದೋಣಿ ನಿಧಾನ ಮಾಡಿತು, ನಿಲ್ಲಲಿಲ್ಲ. ಅಲ್ಲಿ ಈಜುವುದು, ಮುಳುಗುವುದು ನಿಷೇಧ. ಹಳೇ ಮಡಕೆ ಚೂರು, ಕಲ್ಲು ಎತ್ತಿಕೊಂಡು ಹೋಗುವವರಿಂದ ಕಾಪಾಡಲು ಮಾಡಿದ್ದು, 1990ರಿಂದ ಕೆಕೋವಾ ವಿಶೇಷ ರಕ್ಷಿತ ಪ್ರದೇಶ. ನಿಯಮ ಸರಿಯಾಗೇ ಇದೆ. ಆ ಚಿತ್ರ ಸರಿಯಿಲ್ಲ.

ಮೇಲಿಂದ ನೋಡಿದ್ದೂ ಚೆನ್ನಾಗೇ ಇತ್ತು ಅನ್ನಿ. ಎರಡನೇ ಶತಮಾನದ ಭೂಕಂಪಕ್ಕೆ ನೆಲ ಕುಸಿದು ದಡದ ಅರ್ಧ ಊರು ನೀರಿಗೆ ಹೋಗಿದೆ. ಬಂಡೆಯಲ್ಲಿ ಕಡಿದ ಮೆಟ್ಟಿಲು ಮನೆಯಿಂದ ಇಳಿದು ಬಂದು ಹಾಗೇ ನೀರೊಳಗೆ ಇಳಿಯುತ್ತಾ ಹೋಗುತ್ತದೆ. ನಾಲ್ಕು ಮೆಟ್ಟಿಲು ಒಣ, ಐದನೆಯದು ಒದ್ದೆ, ಆರು ಏಳು ಎಂಟು ಹಸಿರಾಗಿ ಅಲುಗುತ್ತವೆ. ಆದರೆ 47 ಜನ ಒಂದೇ ಮಗ್ಗುಲಿಗೆ ಫೋಟೋಗೆ ಬಂದು ದೋಣಿ ವಾಲಿ, ಸಿಬ್ಬಂದಿ ಕೂಗಾಡಿ, ನಾನು ಕಂಡದ್ದು ಎಂಟು ಮೆಟ್ಟಿಲು, ಮೂರು ಬೆನ್ನು.

ಎದುರಿನ ಕಾಲೆಕೊಯ್‌ಗೆ ರಸ್ತೆ ಇಲ್ಲ, ದೋಣಿಯಲ್ಲೇ ಬರಬೇಕು, ಇಲ್ಲ ನಡೆದು. ಹಳೇ ಹೆಸರು ಸಿಮೆನಾ. ಮೇಲೆ ಕೋಟೆ, ಕೋಟೆಯೊಳಗೆ ಬಂಡೆಯಲ್ಲೇ ಕೊರೆದ, 300 ಜನ ಕೂರಬಹುದಾದ ಗೊಂಬೆಯಂಥ ರಂಗಮಂದಿರ. ಮಗಳು ಅಪ್ಪ ಹತ್ತಿ ಬಂದರು, ಕುಂಟಿಕೊಂಡೇ. ನಾನು ಅತ್ತೆ ಕೆಳಗೆ ಕೂತು ಅಲ್ಲಿನ ಮನೆಯಲ್ಲಿ ಮಾಡಿದ ಐಸ್‌ಕ್ರೀಂ ತಿಂದೆವು. ಎದುರಿಗೆ ನೀರಿನ ಮಧ್ಯೆ ಈ ಕರಾವಳಿಯ ಪ್ರಾಚೀನ ಜನ ಲಿಸಿಯನ್ನರ ಒಂದು ಕಲ್ಲಿನ ಶವಪೆಟ್ಟಿಗೆ ನಿಂತಿದೆ, ಅದರ ಮುಚ್ಚಳ ಥೇಟ್ ಕವುಚಿ ಹಾಕಿದ ದೋಣಿ. ಮಳೆಗಾಲಕ್ಕೆ ಪಾತಿ ಕವುಚಿ ಇಟ್ಟ ಹಾಗೆ ಅಂದರು ಅತ್ತೆ. ಬಹಳ ಹೊತ್ತು ಅದನ್ನೇ ನೋಡಿದರು.

ಈಜಲು ನಿಲ್ಲಿಸಿದ್ದು ಐದು ಕಡೆ ಅಲ್ಲ, ಮೂರು ಕಡೆ. ಅದರಲ್ಲೊಂದರ ಹೆಸರು ಅಕ್ವೇರಿಯಂ ಕೊಲ್ಲಿ. ಟರ್ಕಿಯ ಕಡಲತೀರದಲ್ಲಿ ಪ್ರವಾಸಿಗರಿರುವ ಊರಿಗೆಲ್ಲ ಒಂದೊಂದು ಅಕ್ವೇರಿಯಂ ಕೊಲ್ಲಿ ಇರುವ ಹಾಗಿದೆ, ನಮ್ಮಲ್ಲಿ ಗುಡ್ಡಕ್ಕೊಂದು ಸನ್‌ಸೆಟ್ ಪಾಯಿಂಟ್ ಇದ್ದಂತೆ. ಜೋರು ಹಾಡು, ನೀರಿಗೆ ಧುಮುಕುವವರು, ಬ್ರೆಡ್ ಎಸೆಯುವವರು. ಬ್ರೆಡ್ಡಿಗೆ ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುವ ಬೂದು ಮೀನು ಮುತ್ತಿಕೊಂಡವು, ಅಷ್ಟೇ. ಒಂದೇ ಏಣಿ. ಇಪ್ಪತ್ತು ನಿಮಿಷದಲ್ಲಿ ಏಳು ನಿಮಿಷ ಏಣಿ ಬುಡದಲ್ಲಿ ಕ್ಯೂ ನಿಂತು, ಅಲ್ಲ ತೇಲಿ, ಕಳೆಯಿತು. ರೂಮಿಗೆ ಬಂದು ಲೆಕ್ಕ ಹಾಕಿದೆ. ಎಂಟು ಗಂಟೆ ಪ್ರವಾಸದಲ್ಲಿ ಮುಖ ನೀರಿನೊಳಗಿದ್ದದ್ದು ಮುಕ್ಕಾಲು ಗಂಟೆಯೂ ಅಲ್ಲ.

ಊಟದ ಮೀನಿನ ಬಗ್ಗೆ ಅತ್ತೆಯ ತೀರ್ಪು: 'ತಾಜಾ ಇದೆ. ಪಾಪ, ಮಸಾಲೆ ಹಾಕೋದು ಇವರಿಗೆ ಯಾರೂ ಕಲಿಸಿಲ್ಲ.'

ವಾಪಸ್ ಬರುವಾಗ ಮಧ್ಯಾಹ್ನದ ಗಾಳಿ ಎದುರಿಗೆ. ದೋಣಿ ಎದ್ದು ಎದ್ದು ಬಿತ್ತು. ಮಗಳು ಎರಡು ಸಲ ವಾಂತಿ, ಹುಟ್ಟುಹಬ್ಬದ ಗುಂಪು ಕೇಕ್ ಸಮೇತ ಮೌನ. ಅತ್ತೆ ಮಾತ್ರ ಮೊದಲ ಸಲ ಮುಖ ಅರಳಿಸಿ ಕೂತಿದ್ದರು. 'ಈಗ ಸಮುದ್ರ ಅನಿಸ್ತು.' ಆಮೇಲೆ ಗೊತ್ತಾಯಿತು, ಕೆಕೋವಾ ನೋಡಲು ಕಾಶ್‌ನಿಂದ ದೋಣಿ ಹತ್ತಬೇಕಾಗೇ ಇಲ್ಲ. ಉಚಾಗಿಜ್ ಅನ್ನುವ ಹಳ್ಳಿಗೆ ರಸ್ತೆಯಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಿ, ಅಲ್ಲಿಂದ ಸಣ್ಣ ದೋಣಿ ಮಾಡಿಕೊಂಡರೆ ಒಳಗಿನ ಶಾಂತ ನೀರಿನಲ್ಲೇ ಎಲ್ಲ ಮುಗಿಯುತ್ತದೆ. ವಾಂತಿ ಮಾಡುವ ಮಕ್ಕಳಿದ್ದರೆ ಹಾಗೆ ಮಾಡಿ.

ನಾಲ್ಕನೇ ದಿನ, ಶುಕ್ರವಾರ

ಏಳು ಗಂಟೆಗೆ ಕ್ಯಾಪ್ಟನ್ ಮೆಸೇಜ್. ಗಾಳಿ, ಇವತ್ತು ಬೇಡ, ನಾಳೆ ಬನ್ನಿ. ಕಿಟಕಿಯಿಂದ ನೋಡಿದರೆ ದೊಡ್ಡ ದೋಣಿಗಳು ಎಂದಿನಂತೆ ಜನ ತುಂಬಿಸುತ್ತಿದ್ದವು. ದುಡ್ಡು ಬರುವ ದಿನವನ್ನು ತಾವಾಗಿ ಬಿಟ್ಟವರ ಮೇಲೆ ನನಗೆ ನಂಬಿಕೆ ಇನ್ನೂ ಜಾಸ್ತಿಯಾಯಿತು, ಇವರು ಮಾತ್ರ 'ನಾಳೆಯೂ ಹೀಗೇ ಆದ್ರೆ?' ಅಂತ ಬೆಳಗಿನ ಚಹಾ ಮುಗಿಯುವವರೆಗೂ.

ಶುಕ್ರವಾರ ಕಾಶ್‌ನಲ್ಲಿ ಸಂತೆ. ಅಂಜೂರ, ದ್ರಾಕ್ಷಿ, ಕಿರುಬೆರಳಿಗಿಂತ ಸಣ್ಣ ಬೆಂಡೆಕಾಯಿ. ಅತ್ತೆ ಬೆಂಡೆಕಾಯಿಯ ತುದಿ ಚಟ್ ಅಂತ ಮುರಿದು ನೋಡಿದರು, ಮಾರುವವಳು ಕಣ್ಣು ಕೆಂಪು ಮಾಡಿದಳು. ಅಡುಗೆಮನೆ ಇಲ್ಲದ ರೂಮಿಗೆ ಅರ್ಧ ಕಿಲೋ ಬೆಂಡೆಕಾಯಿ ಬಂತು. ನಾಲ್ಕು ಜೊತೆ ರಬ್ಬರ್ ಚಪ್ಪಲಿಯೂ ಬಂತು. ಸಂಜೆ ಹಳೇ ಗ್ರೀಕ್ ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಕೂತೆವು, ಎದುರಿಗೆ ಸಮುದ್ರ, ಮೆಯಿಸ್. ಗಾಳಿ ಬೀಳುತ್ತಾ ಬಂತು.

ಐದನೇ ದಿನ, ಶನಿವಾರ

ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಹೊರಟೆವು. ನಾವು ನಾಲ್ಕು ಜನ, ಅಂಕಾರಾದಿಂದ ಬಂದ ಗಂಡ ಹೆಂಡತಿ, ಕ್ಯಾಪ್ಟನ್. ನೀರು ಬಾಳೆಲೆ ಹಾಸಿದ ಹಾಗೆ. ಅರ್ಧ ಗಂಟೆ ಕೂಡ ಆಗಿರಲಿಲ್ಲ, ಒಂದು ಸಣ್ಣ ದ್ವೀಪದ ಹಿಂದೆ ಲಂಗರು. ಬೋರ್ಡ್ ಇಲ್ಲ, ಅಕ್ವೇರಿಯಂ ಅನ್ನುವ ಹೆಸರಿಲ್ಲ, ಬೇರೆ ದೋಣಿಯೂ ಇಲ್ಲ.

ಇಳಿಯುವ ಮೊದಲು ಕ್ಯಾಪ್ಟನ್ ಹೇಳಿದ್ದನ್ನು ಅಂಕಾರಾದ ಹೆಂಗಸು ಇಂಗ್ಲಿಷಿಗೆ ಮಾಡಿ ಹೇಳಿದಳು. ಬಂಡೆ ನಿಮ್ಮ ಎಡಗೈಗೆ ಇರಲಿ, ಬಲಕ್ಕೆ ಹೋಗಬೇಡಿ. ಬೆನ್ನ ಮೇಲೆ ಟೀಶರ್ಟ್ ಹಾಕಿಕೊಳ್ಳಿ, ಬೋರಲು ತೇಲುವವರು ಸುಡುವುದು ಅಲ್ಲೇ. ಏನನ್ನೂ ಮುಟ್ಟಬೇಡಿ. ನಾನು ನೋಡುತ್ತಿರುತ್ತೇನೆ. ಕೊನೆಯದ್ದೇ ಮುಖ್ಯ. ಒಂದೂವರೆ ಗಂಟೆ ಅವರು ಫೋನ್ ಮುಟ್ಟಲಿಲ್ಲ.

ಮೀನಿನ ಜಾತ್ರೆ ಇರುತ್ತದೆ ಅಂದುಕೊಂಡು ಬಂದರೆ ಮೆಡಿಟರೇನಿಯನ್ ನಿರಾಸೆ ಮಾಡುತ್ತದೆ, ಹೇಳಿಬಿಡುತ್ತೇನೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂದವರಿಗೆ ಗೊತ್ತಿರುವ ಹವಳ, ಬಣ್ಣದ ಹಿಂಡು ಇಲ್ಲಿಲ್ಲ. ನೀರು ಇಷ್ಟು ತಿಳಿಯಾಗಿರಲು ಕಾರಣವೇ ಅದು. ನೀರಿನಲ್ಲಿ ಆಹಾರ ಕಡಿಮೆ, ತೇಲುವ ಕಿರುಜೀವಿಗಳು ಕಡಿಮೆ, ಹಾಗಾಗಿ ಮೀನೂ ಕಡಿಮೆ, ಕಣ್ಣು ಮಾತ್ರ ಇಪ್ಪತ್ತು ಮೀಟರ್ ಹೋಗುತ್ತದೆ. ಇಲ್ಲಿ ಹುಡುಕಿ ನೋಡಬೇಕು.

ಹುಡುಕಿದೆವು. ಮೊದಲು ಕೇಳಿಸಿದ್ದು ಸದ್ದು, ಹುರಿಗಡಲೆ ಅಗಿದ ಹಾಗೆ ಕಟಕಟ. ಗಿಳಿಮೀನು ಬಂಡೆ ಮೇಲಿನ ಪಾಚಿ ಕೆರೆದು ತಿನ್ನುತ್ತಿತ್ತು. ಈ ಜಾತಿಯಲ್ಲಿ ಹೆಣ್ಣಿಗೆ ಕೆಂಪು ಮೈ, ಹಳದಿ ಪಟ್ಟೆ, ಗಂಡು ಬರೀ ಬೂದು. ಮಗಳು ನೀರಿನಿಂದ ತಲೆ ಎತ್ತಿ 'ಅಪ್ಪಾ, ಗಂಡು ನಿನ್ನ ಸ್ವೆಟರ್ ಬಣ್ಣ' ಅಂತ ಕೂಗಿದಳು. ಸ್ವಲ್ಪ ಮುಂದೆ ಬಂಡೆ ಸಂದಿಯ ಮುಂದೆ ಖಾಲಿ ಚಿಪ್ಪುಗಳ ಸಣ್ಣ ಗುಡ್ಡೆ, ಯಾರೋ ಊಟ ಮಾಡಿ ಎಲೆ ಹೊರಗೆ ಎಸೆದ ಹಾಗೆ. ನಾನು ದಾಟಿ ಹೋಗುತ್ತಿದ್ದೆ, ಅಂಕಾರಾದವಳು ನನ್ನ ಕೈ ಹಿಡಿದು ನಿಲ್ಲಿಸಿ ತೋರಿಸಿದಳು. ಆ ಗುಡ್ಡೆ ಹಿಂದಿನ ಕಲ್ಲಿಗೆ ಒಂದು ಕಣ್ಣಿತ್ತು. ಅಡ್ಡಗೆರೆಯ ಕಣ್ಣು. ಕಲ್ಲಿನ ಬಣ್ಣದ ಚರ್ಮ ಒಮ್ಮೆ ಉಬ್ಬಿತು, ಇಳಿಯಿತು, ಉಬ್ಬಿತು. ಆಕ್ಟೋಪಸ್. ನಾವು ಅಲುಗಾಡದೆ ಮೇಲೆ ತೇಲಿದೆವು. ಎರಡು ನಿಮಿಷದ ಮೇಲೆ ಅದು ಒಂದು ಕೈ ಚಾಚಿ, ಗುಡ್ಡೆಯಿಂದ ಒಂದು ಚಿಪ್ಪು ಎಳೆದು, ಬಾಗಿಲು ಮುಚ್ಚುವ ಹಾಗೆ ತನ್ನ ಮುಂದೆ ಇಟ್ಟುಕೊಂಡಿತು. ಆಮೆ ಕಾಣಲಿಲ್ಲ. ಆಮೆ ಇರುವುದು ಬೋರ್ಡಿನಲ್ಲಿ.

ಎರಡನೇ ಕಡೆ ದಡಕ್ಕೆ ಇನ್ನೂ ಹತ್ತಿರ, ದೋಣಿಯ ಹಿಂಬದಿಯನ್ನು ಹಗ್ಗ ಕಟ್ಟಿ ಬಂಡೆ ಪಕ್ಕಕ್ಕೇ ತಂದಿದ್ದರು. ಮೂರು ಮೀಟರ್ ಆಳ. ಅತ್ತೆ ಅಷ್ಟು ಹೊತ್ತೂ ಚಹಾ ಕುಡಿಯುತ್ತಾ ಕೂತವರು, ಕ್ಯಾಪ್ಟನ್ ಎದ್ದು ಹೋಗಿ ಒಂದು ಲೈಫ್ ಜಾಕೆಟ್ ತಂದು ಅವರ ಮುಂದೆ ಹಿಡಿದರು. ಮಾತಿಲ್ಲ. ಏಣಿ ಕಡೆ ಗಲ್ಲ ತೋರಿಸಿದರು. ಇದು ಬುಧವಾರದ ಮಂಡಿ ನೋವಿನ ಪ್ರಶ್ನೆಯ ಮುಂದುವರಿದ ಭಾಗ ಅಂತ ನನಗೆ ಆಗ ಹೊಳೆಯಿತು.

ಅರವತ್ತೈದು ವರ್ಷ ಸಮುದ್ರದ ಪಕ್ಕದಲ್ಲಿ ಬದುಕಿದ ಹೆಂಗಸು, ಮೊಣಕಾಲಿಗಿಂತ ಮೇಲೆ ನೀರು ಮುಟ್ಟಿಸಿಕೊಂಡಿಲ್ಲ. 'ಸಮುದ್ರಕ್ಕೆ ಹೋಗೋದು ಗಂಡಸರು, ನಾವು ದಡದಲ್ಲಿ ಬುಟ್ಟಿ ಹಿಡಿದು ನಿಲ್ಲೋದು' ಅನ್ನುತ್ತಿದ್ದವರು. ಬೇಡ ಬೇಡ ಅನ್ನುತ್ತಲೇ ಜಾಕೆಟ್ಟಿಗೆ ಕೈ ತೂರಿಸಿದರು. ಚೂಡಿದಾರ್ ಮೇಲೆ ಕಿತ್ತಳೆ ಜಾಕೆಟ್, ಸೊಂಟಕ್ಕೆ ಕ್ಯಾಪ್ಟನ್ ಹಗ್ಗ, ಹಿಮ್ಮುಖವಾಗಿ ಏಣಿ ಇಳಿದು ಕೊನೇ ಮೆಟ್ಟಿಲ ಮೇಲೆ ಕೂತರು, ಎದೆವರೆಗೆ ನೀರು. ನಾನು ಒಂದು ಪಕ್ಕ, ಮಗಳು ಒಂದು ಪಕ್ಕ. ಕೊಳವೆ ಬೇಡ ಅಂದರು, ಮಾಸ್ಕ್ ಸಾಕು. ಮೊದಲ ಸಲ ಮುಖ ಅದ್ದಿ ಅರೆಕ್ಷಣದಲ್ಲಿ ಎದ್ದು ಕೆಮ್ಮಿದರು. ಎರಡನೇ ಸಲ ಕಣ್ಣು ಮುಚ್ಚಿಕೊಂಡೇ ಅದ್ದಿದ್ದರಂತೆ. 'ಅಜ್ಜಿ, ಕಣ್ಣು ಬಿಡು!' ಅಂತ ಮೊಮ್ಮಗಳು ಗದರಿದಳು. ಮೂರನೇ ಸಲ ಅವರ ಬೆನ್ನು ಮಾತ್ರ ಕಂಡಿತು, ಜಡೆ ನೀರಿನಲ್ಲಿ ತೇಲಿತು, ಏಣಿ ಹಿಡಿದ ಕೈಯ ಬಳೆಗಳು ಅಲುಗಲಿಲ್ಲ. ನಾನು ಎಣಿಸಿದೆ. ಹದಿನಾರು.

ಎದ್ದು, ಉಸಿರು ತೆಗೆದುಕೊಂಡು, ಮಾಸ್ಕ್ ತೆಗೆಯದೆ ಕೇಳಿದರು. 'ಆ ಬಂಡೆ ಕೆಳಗೆ ಕೂತಿರೋದು ಏನು? ಮೈಯೆಲ್ಲ ನೆರಿಗೆ?'

ನಾನೂ ಮುಖ ಹಾಕಿದೆ. ಬಂಡೆಯ ಚಾಚಿನ ಕೆಳಗೆ ತಲೆಕೆಳಗಾಗಿ, ಕಂದು ಬಿಳಿ ಪಟ್ಟೆಯ ರೆಕ್ಕೆಗಳನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು ಒಂದು ಸಿಂಹಮೀನು ಅಲುಗಾಡದೆ ನಿಂತಿತ್ತು. ಕ್ಯಾಪ್ಟನ್ ಮೇಲಿಂದಲೇ ಬೆರಳಾಡಿಸಿದರು, ಮುಟ್ಟಬೇಡಿ, ಮುಳ್ಳಿನಲ್ಲಿ ವಿಷ. ಆಮೇಲೆ ಬೇಸರದಿಂದ ಉದ್ದಕ್ಕೆ ಏನೋ ಹೇಳಿದರು, ಅದರಲ್ಲಿ ನನಗೆ ತಿಳಿದದ್ದು ಸೂಯೆಜ್ ಅನ್ನುವ ಒಂದು ಪದ. ಉಳಿದದ್ದನ್ನು ಅಂಕಾರಾದವಳು ಹೇಳಿದಳು. ಇದು ಇಲ್ಲಿಯ ಮೀನಲ್ಲ. ಹಿಂದೂ ಮಹಾಸಾಗರದ್ದು, ಕೆಂಪು ಸಮುದ್ರದ್ದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಆ ಕಡೆಯ ಮೀನುಗಳು ಒಂದೊಂದೇ ಈ ಕಡೆ ಬರುತ್ತಿವೆ, ನೀರು ಬಿಸಿಯಾದಂತೆ ಇನ್ನೂ ಜಾಸ್ತಿ. ಸಿಂಹಮೀನು ಇಲ್ಲಿನ ಮರಿಗಳನ್ನು ನುಂಗುತ್ತದೆ. ಪಾಚಿ ಬೋಳಿಸುವ ಇನ್ನೊಂದು, ಬಲೆ ಹರಿದು ಬೆರಳು ಕಚ್ಚುವ, ಮೈ ಉಬ್ಬಿಸುವ ವಿಷದ ಪಫರ್ ಮೀನು ಮತ್ತೊಂದು, ಅದರ ಬಾಲ ತಂದುಕೊಟ್ಟರೆ ಸರ್ಕಾರ ಬಾಲಕ್ಕಿಷ್ಟು ಅಂತ ದುಡ್ಡು ಕೊಡುತ್ತದೆ. ಕ್ಯಾಪ್ಟನ್ ಹುಡುಗರಾಗಿದ್ದಾಗ ಇವು ಯಾವುದೂ ಇರಲಿಲ್ಲವಂತೆ.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಕ್ಯಾಪ್ಟನ್ನರ ಬೇಸರದ ಮುಖ ನೋಡಿದರು, ನೀರಿನ ಕಡೆ ನೋಡಿದರು. 'ಹೌದಾ? ಹಂಗಾದ್ರೆ ನಮ್ಮ ಕಡೆಯವರು' ಅಂದು ಮತ್ತೆ ಮುಖ ಅದ್ದಿದರು. ಅವರನ್ನು ಮೇಲೆ ಹತ್ತಿಸಲು ಮುಕ್ಕಾಲು ಗಂಟೆ ಬೇಕಾಯಿತು, ಮಂಡಿ ನೋವಿನಿಂದಲ್ಲ.

ಗಾಳಿ ಏಳುವ ಹೊತ್ತಿಗೆ, ಒಂದೂವರೆಗೆ, ಬಂದರಿನಲ್ಲಿದ್ದೆವು. ನೀರಿನಲ್ಲಿ ಇದ್ದದ್ದು ಹತ್ತಿರ ಹತ್ತಿರ ಮೂರು ಗಂಟೆ. ನನ್ನ ಕಾಲಿನ ಹಿಂಭಾಗ ಸುಟ್ಟು ಕೆಂಪಾಗಿತ್ತು, ಟೀಶರ್ಟ್ ಬೆನ್ನಿಗೆ ಮಾತ್ರ ಅಲ್ವಾ.

ಆರನೇ ದಿನ, ಭಾನುವಾರ

ಬಸ್ಸು ಗುಡ್ಡ ಹತ್ತುವಾಗ ಅತ್ತೆಯ ಫೋನ್ ಇನ್ನೂ ಗ್ರೀಸಿನಲ್ಲೇ ಇತ್ತು. ವಾಟ್ಸಾಪಿನಲ್ಲಿ ತಂಗಿ. ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ಅವರ ರೂಢಿ, ಹಾಗಾಗಿ ಇಡೀ ಬಸ್ಸಿಗೆ ಕೇಳಿಸಿತು. ಮೆಟ್ಟಿಲಿಳಿದು ನೀರೊಳಗೆ ಹೋದ ಊರು, ಕವುಚಿ ಹಾಕಿದ ದೋಣಿಯಂಥ ಗೋರಿ, ಹತ್ತು ಟನ್ ತಾಮ್ರ, ಅರ್ಧ ಕಿಲೋ ಬೆಂಡೆಕಾಯಿ ರೂಮಿನಲ್ಲೇ ಬಿಟ್ಟು ಬಂದದ್ದು. ಆಮೇಲೆ ನಮ್ಮ ಕಡೆಯಿಂದ ಹೋಗಿ ಇಲ್ಲಿ ಮನೆ ಮಾಡಿಕೊಂಡ, ಮೈಯೆಲ್ಲ ನೆರಿಗೆ ಇರುವ ಮೀನಿನ ಕಥೆ, ಹದಿನೈದು ನಿಮಿಷ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಹೋಯಿತು ಅಂದುಕೊಂಡೆ.

'ತಿನ್ಲಿಕ್ಕೆ ಬರ್ತದಾ ಅದು?'

'ಮುಳ್ಳು ತೆಗೆದ್ರೆ ಬರ್ತದಂತೆ' ಅಂದರು ಅತ್ತೆ. 'ನಾ ಕ್ಯಾಪ್ಟನ್ ಹತ್ರ ಕೇಳಿದೆ.'